ದೋಸೆ ಆರುವ ಮುಂಚೆ

ಪ್ರೀತಿಯ ಗೆಳೆಯ,

ನಿನ್ನ ಹೊಸ ಮನೆಯಿಂದ ಬಂದ ಮೇಲೆ ಎರಡು ಸಲ ಫೋನು ಕೈಗೆತ್ತಿಕೊಂಡೆ, ಎರಡು ಸಲವೂ ಕೆಳಗಿಟ್ಟೆ. ಈ ಮಾತನ್ನು ಫೋನಿನಲ್ಲಿ ಹೇಳಿದರೆ ನೀನು ನಕ್ಕು ಬೇರೆ ವಿಷಯಕ್ಕೆ ಹೋಗಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವಿಷಯ ಮೊನ್ನೆಯ ದೋಸೆಯದು. ನಾನು ಬರುತ್ತೇನೆಂದು ನೀನು ಪ್ರೀತಿಯಿಂದಲೇ ತರಿಸಿದ್ದೆ. ‘ನಮ್ಮೂರಿನ ಬೆಣ್ಣೆ ದೋಸೆ, ಈಗ ಇಲ್ಲೂ ಸಿಗುತ್ತದೆ’ ಎಂದು ಮೊಬೈಲ್ ತೋರಿಸಿದೆ. ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲ ಗಂಟೆ ಹೊಡೆಯಿತು. ಡಬ್ಬಿಯ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ದೋಸೆ ಮಡಿಸಿದ ಕಡೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು, ಬೆಣ್ಣೆ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಚಟ್ನಿಯ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಲಾಗದೆ ನೀನು ಕತ್ತರಿ ತಂದೆ. ಅವ್ವ ಎರಡು ತುತ್ತು ತಿಂದು, ‘ಹಲ್ಲು ನೋಯುತ್ತಿದೆಯಪ್ಪ, ಸಾಕು’ ಎಂದು ತಟ್ಟೆ ಸರಿಸಿದರು. ಆಮೇಲೆ ನಾನು ನೀರಿಗೆಂದು ಅಡುಗೆಮನೆಗೆ ಹೋದಾಗ ಅವರು ಒಬ್ಬರೇ ನಿಂತು ಒಣ ಮಂಡಕ್ಕಿಯ ಜೊತೆ ಹುರಿಗಡಲೆ ಅಗಿಯುತ್ತಿದ್ದರು. ಹಲ್ಲಿಗೆ ಏನೂ ಆಗಿರಲಿಲ್ಲ. ನಿನಗೆ ನೋವಾಗಬಾರದೆಂದು ಹಾಗೆ ಹೇಳಿದ್ದರು.

ಆ ದೃಶ್ಯ ನನ್ನನ್ನು ಬಿಡುತ್ತಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರ ಮನೆಯಲ್ಲಿ ಹೀಗಾಗಬಾರದು.

ಕಾಲೇಜಿನ ದಿನಗಳನ್ನು ನೆನಪು ಮಾಡಿಕೋ. ರಾಂ ಅಂಡ್ ಕೋ ವೃತ್ತದ ಕಡೆ ಸಂಜೆ ಮಂಡಕ್ಕಿ, ಮೆಣಸಿನಕಾಯಿ. ತಿಂಗಳ ಮೊದಲ ವಾರ ಕೈಯಲ್ಲಿ ದುಡ್ಡಿದ್ದರೆ ಬೆಳಗ್ಗೆ ಬೆಣ್ಣೆ ದೋಸೆ. ನಾವು ಒಳಗೆ ಕೂರುತ್ತಲೇ ಇರಲಿಲ್ಲ. ಒಲೆಯ ಹತ್ತಿರವೇ ನಿಲ್ಲುತ್ತಿದ್ದೆವು. ಸೌದೆಯ ಬೆಂಕಿ, ಅದರ ಮೇಲೆ ಕರ್ರಗೆ ಹೊಳೆಯುವ ದೊಡ್ಡ ಕಾವಲಿ. ದೋಸೆ ಹಾಕುವವರು ಚೊಂಬಿನ ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಪೊರಕೆಯಿಂದ ಸರಕ್ಕನೆ ಗುಡಿಸಿದಾಗ ಏಳುತ್ತಿದ್ದ ಹಬೆ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಅದು ಬರೀ ಶುಚಿ ಮಾಡುವ ಕೆಲಸವಲ್ಲ ಎಂದು ಅವರೇ ನಮಗೆ ಹೇಳಿದ್ದರು. ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹರಡುವ ಮೊದಲೇ ಬೆಂದು ಬಟ್ಟಲಿಗೆ ಸುತ್ತಿಕೊಳ್ಳುತ್ತದೆ. ನೀರು ಬಿದ್ದು ಕಾವು ಒಂದು ಮೆಟ್ಟಿಲು ಇಳಿದಾಗಲೇ ಹಿಟ್ಟು ಮಾತು ಕೇಳುವುದು. ಆ ಹಿಟ್ಟಿಗೆ ನಮ್ಮೂರಿನಲ್ಲಿ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಮಂಡಕ್ಕಿ ಭಟ್ಟಿಗಳ ಊರಲ್ಲವೇ ಅದು. ಹೊರಗೆ ಗರಿಗರಿಯಾಗಿ, ಒಳಗೆ ಹತ್ತಿಯ ಹಾಗೆ ಮೆತ್ತಗಿರುವ ಗುಣ ಅಲ್ಲಿಂದ ಬರುತ್ತದೆ. ಜೊತೆಗೆ ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಸಾಂಬಾರು ಕೇಳಿದವರನ್ನು ಪರಊರಿನವರೆಂದು ಗುರುತಿಸಿಬಿಡುತ್ತಿದ್ದೆವು.

ಈ ದೋಸೆಯ ಹಿಂದೆ ಒಬ್ಬ ತಾಯಿ ಇದ್ದಾರೆ ಎಂದು ಊರಿನಲ್ಲಿ ಹೇಳುವುದನ್ನು ನೀನೂ ಕೇಳಿದ್ದೀಯ. 1928ರ ಹೊತ್ತಿಗೆ ಬೆಳಗಾವಿ ಜಿಲ್ಲೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ. ಅವರು ಮೊದಲು ಹಾಕುತ್ತಿದ್ದದ್ದು ರಾಗಿ ದೋಸೆ. ಅಕ್ಕಿ ಹಿಟ್ಟಿಗೂ ಧಾರಾಳ ಬೆಣ್ಣೆಗೂ ತಿರುಗಿದ್ದು ಮಕ್ಕಳ ಕಾಲದಲ್ಲಿ. ಒಬ್ಬ ಹೆಣ್ಣುಮಗಳು ಹೊಟ್ಟೆಪಾಡಿಗೆ ಹೂಡಿದ ಒಲೆ ಇಡೀ ಊರಿಗೆ ಹೆಸರು ಕೊಟ್ಟಿತು. ಅಂಥ ದೋಸೆಯನ್ನು ಬೆವರುವ ಡಬ್ಬಿಯಲ್ಲಿಟ್ಟು ಮುಕ್ಕಾಲು ಗಂಟೆ ಸ್ಕೂಟರ್ ಮೇಲೆ ತಿರುಗಿಸಿದರೆ ಏನುಳಿಯುತ್ತದೆ ಹೇಳು.

ನಾನು ಹೋಟೆಲಿನವರ ತಪ್ಪು ಎನ್ನುತ್ತಿಲ್ಲ. ತಂದುಕೊಟ್ಟ ಹುಡುಗನ ತಪ್ಪಂತೂ ಅಲ್ಲವೇ ಅಲ್ಲ, ಆ ಬಿಸಿಲಿನಲ್ಲಿ ಬಂದಿದ್ದ. ದೋಸೆಯ ಸ್ವಭಾವವೇ ಹಾಗಿದೆ. ಕಾವಲಿಗೆ ತಾಗಿದ ಪದರದ ನೀರೆಲ್ಲ ಹೋಗಿ ಗರಿಯಾಗಿರುತ್ತದೆ. ಮೇಲಿನ ಪದರದಲ್ಲಿಯೂ ಪಲ್ಯದಲ್ಲಿಯೂ ಇನ್ನೂ ಹಬೆ ಇರುತ್ತದೆ. ತಟ್ಟೆಯಲ್ಲಿ ಆ ಹಬೆ ಗಾಳಿಗೆ ಹೋಗುತ್ತದೆ. ಡಬ್ಬಿಯೊಳಗೆ ಅದಕ್ಕೆ ದಾರಿಯಿಲ್ಲ, ಗರಿಯಾದ ಪದರವೇ ಅದನ್ನು ಕುಡಿದುಬಿಡುತ್ತದೆ. ಕಾವಲಿಯಿಂದ ಎದ್ದ ದೋಸೆಗೆ ಐದು ನಿಮಿಷದ ಆಯುಸ್ಸು. ಅಷ್ಟರೊಳಗೆ ನಾವು ಅದರ ಎದುರಿಗೆ ಇರಬೇಕು. ಕಟ್ಟಿಸಿಕೊಂಡು ಹೋಗಲೇಬೇಕೆಂದರೆ ಪುಳಿಯೋಗರೆ ಕಟ್ಟಿಸಿಕೋ, ಅದು ಆರಿದಷ್ಟೂ ರುಚಿ. ಮೈಸೂರು ಪಾಕು, ಹೋಳಿಗೆ, ನರ್ಗಿಸ್ ಮಂಡಕ್ಕಿ, ಯಾವುದು ಬೇಕಾದರೂ ತರಿಸಿಕೋ. ದೋಸೆ ಮಾತ್ರ ಬೇಡ, ವಡೆಯೂ ಬೇಡ.

ನೀನು ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಇಷ್ಟು ದಿನದಲ್ಲಿ ಗಾಂಧಿ ಬಜಾರಿಗೆ ಒಮ್ಮೆಯೂ ಬಂದಿಲ್ಲ ಎಂದೆಯಲ್ಲ, ನನಗೆ ನಿಜಕ್ಕೂ ಸಂಕಟವಾಯಿತು. ಅಲ್ಲಿನ ವಿದ್ಯಾರ್ಥಿ ಭವನ 1943ರದು. ಹೆಸರೇ ಹೇಳುವ ಹಾಗೆ, ಅಕ್ಕಪಕ್ಕದ ಶಾಲೆಗಳ ಹುಡುಗರಿಗೆ ತಿಂಡಿ ಕೊಡಲು ತೆರೆದದ್ದು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳಿವೆ. ಅಲ್ಲಿನ ದೋಸೆ ನಮ್ಮೂರಿನ ದೋಸೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಹೋಲಿಸಲು ಹೋಗಬೇಡ. ಇಟ್ಟಿಗೆಯ ಕೆಂಪು ಬಣ್ಣ, ದಪ್ಪ ಮೈ, ಮುರಿದರೆ ಟಕ್ಕೆನ್ನುವ ಅಂಚು, ತುಪ್ಪದ ಘಮ. ದೊಡ್ಡ ಕಾವಲಿಯ ಮೇಲೆ ಒಂದು ಸುತ್ತು ಪೂರ್ತಿ ಏಳಬೇಕು, ಆಗ ಒಂದಿಷ್ಟು ಜನರಿಗೆ ಒಟ್ಟಿಗೆ ಬರುತ್ತದೆ. ಪಂಚೆ ಉಟ್ಟ ಬಡಿಸುವವರು ಹತ್ತು ಹದಿನೈದು ತಟ್ಟೆಗಳನ್ನು ಒಂದರ ಮೇಲೊಂದು ಹೊಂದಿಸಿ ತೋಳಿನುದ್ದಕ್ಕೂ ಹೊತ್ತು ಒಳಗಿನಿಂದ ಹೊರಟರೆಂದರೆ ಇಡೀ ಕೋಣೆಯ ಕಣ್ಣು ಆ ಕಡೆಗೆ ತಿರುಗುತ್ತದೆ. ಎರಡು ದಶಕದಿಂದ ನೋಡುತ್ತಿದ್ದೇನೆ, ನನ್ನ ಕಣ್ಣೂ ಇನ್ನೂ ತಿರುಗುತ್ತದೆ.

ಅಲ್ಲಿ ನಿನ್ನ ಮೇಜು ನಿನ್ನದಲ್ಲ. ಜಾಗವಿದ್ದ ಕಡೆ ಕೂರಬೇಕು, ಎದುರಿಗೆ ಯಾರೋ ಇರುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ನನ್ನ ಎದುರಿಗೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಕೂತಿದ್ದರು. ನೆನೆದ ಛತ್ರಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದರು. ನನಗಿಂತ ಮೊದಲೇ ಬಂದವರು, ಆದರೆ ನನ್ನ ತಟ್ಟೆ ಮೊದಲು ಬಂತು. ಅವರದು ಬರಲೆಂದು ನಾನು ಕೈಕಟ್ಟಿ ಕೂತೆ. ಅವರು ನನ್ನ ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ತಿನ್ನಿ, ತಿನ್ನಿ, ಆರುತ್ತದೆ’ ಎಂದರು. ನಾನು ಮತ್ತೂ ಹಿಂಜರಿದೆ. ಆಗ ಅವರು ಚಟ್ನಿಯವರನ್ನು ಕರೆದು ನನ್ನ ತಟ್ಟೆಗೆ ಹಾಕಿಸಿದರು. ‘ನನ್ನದು ಬರುತ್ತದೆ ಬಿಡಿ. ಆರಿದ ಮೇಲೆ ನೀವು ತಿಂದರೆ ನನಗೇನು ಬಂತು?’ ನಾನು ಮೊದಲ ತುತ್ತು ಮುರಿದ ಮೇಲೆಯೇ ಅವರು ಕಣ್ಣು ಬೇರೆ ಕಡೆಗೆ ತಿರುಗಿಸಿದ್ದು. ಅವರ ಹೆಸರು ನಾನು ಕೇಳಲಿಲ್ಲ. ನನ್ನ ದೋಸೆ ಬಿಸಿಯಾಗಿರಬೇಕೆಂದು ನನ್ನ ತಾಯಿಯ ನಂತರ ಅಷ್ಟು ಕಾಳಜಿ ತೋರಿಸಿದವರು ಅವರೇ. ಹೊರಗೆ ಹೋಗಿ ತಿನ್ನುವುದೆಂದರೆ ನನಗೆ ಇದೂ ಸೇರಿದೆ ಗೆಳೆಯಾ, ಇದನ್ನು ಯಾರೂ ಮನೆಗೆ ತಂದುಕೊಡಲಾರರು.

ದೋಸೆಯದೇ ಪುರಾಣವಾಯಿತು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಇದೆ, 1924ರಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಅವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಇವತ್ತು ನಾವು ಎಲ್ಲೆಂದರಲ್ಲಿ ತಿನ್ನುವ ರವೆ ಇಡ್ಲಿ ಹುಟ್ಟಿದ್ದು ಹಾಗೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಅಷ್ಟೇ. ಸಾಂಬಾರೂ ಇಲ್ಲ. ಚಟ್ನಿ ಮಾತ್ರ ಕೇಳಿದಷ್ಟು. ತಟ್ಟೆ ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ಕೂತವರಲ್ಲಿ ಕಾರಿನಲ್ಲಿ ಬಂದವರು ಯಾರು, ಹೂ ಮಾರಿ ಬಂದವರು ಯಾರು ಎಂದು ಬೇರೆ ಮಾಡಲಾಗುವುದಿಲ್ಲ. ಜನವರಿಯಲ್ಲಿ ಬಂದರೆ ವಿ.ವಿ. ಪುರದ ತಿಂಡಿ ಬೀದಿಗೆ ಕರೆದೊಯ್ಯುತ್ತೇನೆ, ಅವರೆಕಾಳಿನ ಕಾಲ. ಸೊಗಡಿನ ಅವರೆಯನ್ನು ಹಿತಕಿ ಮಾಡಿದ್ದನ್ನು ತಿಂದ ಕೈ ರಾತ್ರಿಯವರೆಗೂ ಘಮಘಮಿಸುತ್ತದೆ.

ಇನ್ನು ಕಾಫಿ. ಇದರ ಆಯುಸ್ಸು ದೋಸೆಗಿಂತಲೂ ಕಡಿಮೆ. ನಾನು ನಿಂತೇ ಕುಡಿಯಲು ಇಷ್ಟಪಡುತ್ತೇನೆ, ಯಾವುದಾದರೂ ದರ್ಶಿನಿಯಲ್ಲಿ. ನಿಂತು ತಿನ್ನುವ ಈ ಪದ್ಧತಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಊರಿಡೀ ಹಬ್ಬಿದ್ದು. ಅದನ್ನು ರೂಪಿಸಿದವರು ಆರ್. ಪ್ರಭಾಕರ್. ಎದೆಯೆತ್ತರದ ಸ್ಟೀಲಿನ ಮೇಜು, ಎದುರಿಗೇ ತೆರೆದ ಅಡುಗೆಮನೆ. ಕಾಫಿ ಮಾಡುವವರ ಕೈ ನೋಡುತ್ತಾ ನಿಲ್ಲಬೇಕು. ಲೋಟಕ್ಕೆ ಮೊದಲು ಕಪ್ಪು ಡಿಕಾಕ್ಷನ್ ಎರಡು ಬೆರಳಿನಷ್ಟು, ಮೇಲೆ ಕುದಿಯುವ ಹಾಲು ಎತ್ತರದಿಂದ ಒಂದೇ ಧಾರೆ. ನೊರೆ ಲೋಟದ ಬಾಯಿಗೆ ಬಂದು ನಿಂತರೂ ಚೆಲ್ಲುವುದಿಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಸಮನಾಗಿ ಹಂಚಿ ಕೊಡುವ ‘ಬೈ ಟು’ ನನಗೆ ಬಹಳ ಇಷ್ಟ. ನಮ್ಮೂರಿನಲ್ಲಿ ಒಂದು ಚಹಾ ತೆಗೆದುಕೊಂಡು, ನೀನು ಸಾಸರಿನಲ್ಲಿ ನಾನು ಕಪ್ಪಿನಲ್ಲಿ ಕುಡಿಯುತ್ತಿದ್ದೆವಲ್ಲ, ಅದನ್ನೇ ಇಲ್ಲಿ ಯಾರ ಸಂಕೋಚವೂ ಇಲ್ಲದೆ ಕೇಳಿ ಪಡೆಯಬಹುದು.

ಕೂತು ಮಾತನಾಡಬೇಕೆಂದರೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಈಗಿನ ಜಾಗಕ್ಕೆ ಬಂತು. ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸುವ ಹೋಟೆಲು. ಅಂಥ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಪೇಟ ಕಟ್ಟಿದ ಬಡಿಸುವವರನ್ನು ನೋಡಿದರೆ ನನಗೆ ಈಗಲೂ ಮೊದಲ ಸಂಬಳದ ದಿನ ನೆನಪಾಗುತ್ತದೆ.

ಸಮಯವಿಲ್ಲ, ಸಾಲಿನಲ್ಲಿ ನಿಲ್ಲಬೇಕು, ಕಾರು ನಿಲ್ಲಿಸಲು ಜಾಗವಿಲ್ಲ ಎನ್ನುತ್ತೀಯ. ಎಲ್ಲವೂ ನಿಜ. ಕಾರು ತರಲೇಬೇಡ. ವೈಟ್‌ಫೀಲ್ಡಿನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಿಸಿ ನ್ಯಾಷನಲ್ ಕಾಲೇಜು ನಿಲ್ದಾಣ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಅವ್ವನಿಗೆ ಕಷ್ಟವಾದರೆ ಆಟೋ ಹಿಡಿಯೋಣ. ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆ ದಂಡವೆಂದು ನನಗೆ ಅನ್ನಿಸುವುದಿಲ್ಲ. ಒಳಗಿನಿಂದ ತುಪ್ಪದ ವಾಸನೆ ಬರುತ್ತಿರುತ್ತದೆ, ಹಸಿವು ಏರುತ್ತಿರುತ್ತದೆ, ಮಾತನಾಡಲು ನೀನಿರುತ್ತೀಯ. ನಾವಿಬ್ಬರು ಅರ್ಧ ಗಂಟೆ ಒಂದೇ ಕಡೆ ನಿಂತು ಎಷ್ಟು ವರ್ಷವಾಯಿತು?

ಇನ್ನೊಂದು ಮಾತು, ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮೊನ್ನೆ ಗಂಟೆ ಹೊಡೆದಾಗ ನಿನ್ನ ಮಗಳು ‘ದೋಸೆ ಬಂತು’ ಎಂದು ಬಾಗಿಲಿಗೆ ಓಡಿದಳು. ಅವಳಿಗೆ ದೋಸೆ ಬಾಗಿಲಿನಿಂದ ಬರುತ್ತದೆ. ಹಿಟ್ಟು ಕಾವಲಿಗೆ ಬಿದ್ದು ಬಟ್ಟಲಿನ ತಳದಡಿ ಸುತ್ತಿ ಸುತ್ತಿ ಅಗಲವಾಗುವುದನ್ನು, ಮೈಯೆಲ್ಲ ಸಣ್ಣ ಕಣ್ಣು ಬಿಡುವುದನ್ನು, ಅಂಚು ತಾನೇ ಕಾವಲಿ ಬಿಟ್ಟು ಏಳುವುದನ್ನು ಅವಳು ನೋಡಿಲ್ಲ. ನಾವು ಅವಳ ವಯಸ್ಸಿನಲ್ಲಿ ಅದನ್ನು ನೋಡಲೆಂದೇ ಒಲೆಯ ಹತ್ತಿರ ನಿಂತು ಬೈಸಿಕೊಂಡವರು.

ಆದ್ದರಿಂದ ಈ ಭಾನುವಾರ ಬಾ. ನಿನ್ನ ಮನೆಯವರು, ಮಗಳು, ಅವ್ವ, ಎಲ್ಲರನ್ನೂ ಕರೆದುಕೊಂಡು ಬೆಳಗ್ಗೆಯೇ ಹೊರಡು, ಬಿಸಿಲೇರಿದರೆ ಸಾಲು ಬೆಳೆಯುತ್ತದೆ. ನಾನು ಮುಂಚೆಯೇ ಹೋಗಿ ಹೆಸರು ಕೊಟ್ಟಿರುತ್ತೇನೆ. ಮನೆಯಲ್ಲಿ ಯಾರೂ ಏನೂ ತಿನ್ನಬೇಡಿ, ಒಂದು ಬಿಸ್ಕತ್ತು ಕೂಡ. ಅವ್ವ ಈ ಊರಿನ ದೋಸೆ ತಿಂದು ‘ನಮ್ಮೂರಿನ ಹಾಗಿಲ್ಲ’ ಎಂದರೆ ನಾನು ಒಪ್ಪಿಕೊಳ್ಳುತ್ತೇನೆ. ದಸರೆಯ ರಜೆಗೆ ಎಲ್ಲರೂ ಸೇರಿ ದಾವಣಗೆರೆಗೇ ಹೋಗಿ ಒಲೆಯ ಹತ್ತಿರ ನಿಲ್ಲೋಣ. ತಟ್ಟೆ ಬಂದ ಮೇಲೆ ಫೋಟೋ ಬೇಡ. ಅವ್ವನ ತಟ್ಟೆ ಮೊದಲು ಬಂದರೆ ನಮಗಾಗಿ ಕಾಯಲು ಬಿಡಬೇಡ, ಅವರು ಕಾಯುವವರೇ. ಮುಗಿದ ಮೇಲೆ ಕಾಫಿ. ಅವರಿಗೆ ಪೂರ್ತಿ ಲೋಟ, ನಮ್ಮಿಬ್ಬರಿಗೆ ಬೈ ಟು.

ನಿನ್ನ,
ಹಳೆಯ ಗೆಳೆಯ