ಜಪಾನಿನ ಕಥೆಗಳಿಗೂ ನಮ್ಮ ‘ಅಂತೆ’ ಬೇಕು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಮಕ್ಕಳ ಪುಟದಲ್ಲಿ ಜಪಾನಿನ ಹಿಮದ ಹೆಂಗಸು ಯುಕಿ ಒನ್ನಾಳ ಕಥೆ ಹಾಕಿದ್ದೀರಿ. ನೋಡಿ ಖುಷಿಯಾಯಿತು. ರಾತ್ರಿ ಮೊಮ್ಮಗಳಿಗೆ ಅದನ್ನೇ ಗಟ್ಟಿಯಾಗಿ ಓದೋಣ ಅಂತ ಕೂತೆ. ‘ಮಿನೊಕಿಚಿ ಎಂಬ ಯುವಕನು ವಾಸಿಸುತ್ತಿದ್ದನು’ ಅಂತ ಶುರುವಾಗುತ್ತದೆ. ಮೂರನೇ ಸಾಲಿಗೆ ಅವಳು ದಿಂಬಿನ ದಾರ ಕೀಳುತ್ತಿದ್ದಳು. ಪೇಪರ್ ಮಡಚಿಟ್ಟೆ, ಲೈಟ್ ಆರಿಸಿದೆ, ನನ್ನ ಮಾತಲ್ಲೇ ಹೇಳಿದೆ. ಒಂದೂರಲ್ಲಿ ಮಿನೊಕಿಚಿ ಅಂತ ಒಬ್ಬ ಹುಡುಗ ಇದ್ದನಂತೆ, ಒಂದಿನ ಮುದುಕನ ಜೊತೆ ಸೌದೆಗೆ ಹೋದವನು ಹಿಮದ ಬಿರುಗಾಳಿಗೆ ಸಿಕ್ಕಿ ಹೊಳೆ ದಡದ ಗುಡಿಸಲಲ್ಲಿ ಮಲಗಿದನಂತೆ, ಮಧ್ಯರಾತ್ರಿ ಮುಖದ ಮೇಲೆ ಹಿಮ ಬಿತ್ತಂತೆ, ಕಣ್ಣು ಬಿಟ್ಟರೆ ಬಾಗಿಲು ತೆರೆದಿತ್ತಂತೆ. ಆಮೇಲೆ ಅವಳು ಮಿಸುಕಲಿಲ್ಲ.

ನಾನು ಬರೆಯುತ್ತಿರುವುದು ಈ ‘ಅಂತೆ’ ಬಗ್ಗೆಯೇ.

ಜಪಾನಿನ ಅಜ್ಜಿಯರು ‘ಮುಕಾಶಿ ಮುಕಾಶಿ’ ಅಂತ ಕಥೆ ಶುರುಮಾಡುತ್ತಾರೆ. ತುಂಬಾ ತುಂಬಾ ಹಿಂದೆ ಅಂತ ಅರ್ಥ. ಆಮೇಲೆ ವಾಕ್ಯದ ಕೊನೆಗೆ ‘ತೋ ಸಾ’ ಅಂತ ಒಂದು ಬಾಲ ಸೇರಿಸುತ್ತಾರೆ. ಅದು ನಮ್ಮ ‘ಅಂತೆ’ಯೇ. ನಾನು ಕಂಡಿದ್ದಲ್ಲ, ಕೇಳಿದ್ದು, ನನಗೆ ಹೇಳಿದವರಿಗೂ ಯಾರೋ ಹೇಳಿದ್ದು ಅನ್ನುವುದೆಲ್ಲ ಆ ಚಿಕ್ಕ ಬಾಲದಲ್ಲಿದೆ. ಈ ಕಥೆಗಳು ನಮಗೆ ಹೆಚ್ಚಾಗಿ ಇಂಗ್ಲಿಷಿನಿಂದ ಬರುತ್ತವೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲ ಇಲ್ಲ, ಹಾಗಾಗಿ ದಾರಿಯಲ್ಲೇ ಉದುರಿಹೋಗುತ್ತದೆ. ಕನ್ನಡದಲ್ಲಿ ಇದೆಯಲ್ಲ, ನಾವ್ಯಾಕೆ ‘ಇದ್ದನು, ಹೋದನು’ ಅಂತ ವರದಿ ಬರೆದ ಹಾಗೆ ಬರೆಯಬೇಕು? ಇನ್ನೊಂದು ವಿಷಯ ಗೊತ್ತಾ, ಜಪಾನಿನ ಕೆಲವು ಹಳ್ಳಿಗಳಲ್ಲಿ ಕಥೆ ಕೇಳುವವರು ನಡುನಡುವೆ ಓಗೊಡಲೇಬೇಕಿತ್ತು. ನಮ್ಮಜ್ಜಿಯೂ ನಾವು ‘ಹೂಂ’ ಅನ್ನದಿದ್ದರೆ ಕಥೆ ನಿಲ್ಲಿಸುತ್ತಿದ್ದರು.

ಅಲ್ಲಿ ಕಥೆ ಅಂದರೆ ಮೊದಲು ಬಾಯಿ, ಆಮೇಲೆ ಕಾಗದ. ದೇವರು ಹುಟ್ಟಿದ ಕಥೆಗಳಿರುವ ‘ಕೊಜಿಕಿ’ 712ರಲ್ಲಿ ಬರಹಕ್ಕೆ ಇಳಿದದ್ದು ಹಿಯೆದಾ ನೊ ಅರೆ ಎಂಬುವವರ ನೆನಪಿನಿಂದ. ಅವರು ಬಾಯಲ್ಲಿ ಇಟ್ಟುಕೊಂಡಿದ್ದನ್ನು ಓ ನೊ ಯಸುಮಾರೊ ಬರೆದುಕೊಂಡರು.

ನನಗೆ ಜಾಸ್ತಿ ಇಷ್ಟವಾಗುವುದು ಜಪಾನಿನ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ ಲಾಫ್ಕಾಡಿಯೊ ಹರ್ನ್ ಮನೆಯ ಸಂಗತಿ. ನೀವು ಹಾಕಿದ ಕಥೆ ಹೊರಗಿನವರಿಗೆ ಗೊತ್ತಾಗಿದ್ದೇ ಅವರು 1904ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅದನ್ನು ಅವರಿಗೆ ಹೇಳಿದವನು ಒಬ್ಬ ರೈತ, ತನ್ನೂರಿನ ಕಥೆ ಅಂತ. ಹರ್ನ್ ಗ್ರೀಸಿನ ದ್ವೀಪದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಒಂದು ಕಣ್ಣು ಕಳೆದುಕೊಂಡು, 1890ರಲ್ಲಿ ಜಪಾನಿಗೆ ಬಂದು ಅಲ್ಲೇ ಉಳಿದ ಮನುಷ್ಯ. ಜಪಾನಿ ಪುಸ್ತಕ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಹೆಂಡತಿ ಸೆತ್ಸು ಹಳೇ ಪುಸ್ತಕಗಳನ್ನು ಹುಡುಕಿ ಓದಿಕೊಂಡು ರಾತ್ರಿ ಅವರಿಗೆ ಹೇಳುತ್ತಿದ್ದರು. ಪುಸ್ತಕ ನೋಡಿ ಓದಬಾರದು, ನಿನ್ನ ಮಾತಲ್ಲೇ ಹೇಳಬೇಕು ಅನ್ನುವುದು ಗಂಡನ ಹಟ. ದೀಪದ ಬತ್ತಿ ಇಳಿಸಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದರಂತೆ. ಹೇಳಿ ಹೇಳಿ ಸೆತ್ಸುಗೇ ಕೆಟ್ಟ ಕನಸು ಬೀಳುತ್ತಿತ್ತು. ಆ ಪುಸ್ತಕದ ಅರ್ಧ ಜೀವ ಆ ತಾಯಿಯ ದನಿ ಅಂತ ನಾನು ನಂಬಿದ್ದೇನೆ. ಮುಂದೆ ಈ ಕಥೆಗಳನ್ನು ಹಾಕುವಾಗ ದಯವಿಟ್ಟು ಅವರ ಹೆಸರನ್ನೂ ಒಂದು ಸಾಲಲ್ಲಿ ಹಾಕಿ.

ಶಬ್ದಗಳನ್ನೂ ಬಿಡಬೇಡಿ. 1839ರಿಂದ 1900ರವರೆಗೆ ಬದುಕಿದ್ದ ಸಾನ್ಯೂತೆಯ್ ಎಂಚೊ ಎಂಬ ಕಥೆಗಾರ ರಾತ್ರಿ ಲಾಂದ್ರ ಹಿಡಿದು ಬರುವ ಪ್ರೇತದ ಕಥೆ ಹೇಳುತ್ತಿದ್ದರು. ಅದರಲ್ಲಿ ಹೆದರಿಸುವುದು ಪ್ರೇತದ ಮುಖಕ್ಕಿಂತ ಅವಳ ಮರದ ಚಪ್ಪಲಿ. ಕರನ್ ಕೊರೊನ್, ಕರನ್ ಕೊರೊನ್. ಇದನ್ನು ‘ಹೆಜ್ಜೆ ಸಪ್ಪಳ ಕೇಳಿಸಿತು’ ಅಂತ ಬರೆದರೆ ಮುಗೀತು.

ಇನ್ನು ನೀವು ಹಾಕಿದ ಕಥೆಯ ಕೊನೆಯ ‘ನೀತಿ: ಕೊಟ್ಟ ಮಾತಿಗೆ ತಪ್ಪಬಾರದು’. ಅದನ್ನು ತೆಗೆದುಬಿಡಿ ಅಂತ ಕೈಮುಗಿದು ಕೇಳುತ್ತೇನೆ. ಗುಡಿಸಲಲ್ಲಿ ಕಂಡದ್ದನ್ನು ಯಾರಿಗೂ ಹೇಳಬೇಡ ಅಂತ ಹಿಮದ ಹೆಂಗಸು ಎಚ್ಚರಿಸಿರುತ್ತಾಳೆ. ವರ್ಷಗಳಾದ ಮೇಲೆ ಅವನು ಬಾಯಿಬಿಡುವುದು ಹೆಂಡತಿಯ ಹತ್ತಿರ, ಆ ಹೆಂಡತಿಯೇ ಅವಳು. ನನ್ನ ಮೊಮ್ಮಗಳು ಕತ್ತಲಲ್ಲೇ ಕೇಳಿದಳು: “ಅಜ್ಜಿ, ಅವಳಿಗೆ ಮೊದಲೇ ಗೊತ್ತಿತ್ತಲ್ವಾ? ಗೊತ್ತಿದ್ದವಳಿಗೇ ಹೇಳಿದ್ರೆ ಅದು ತಪ್ಪಾ?” ನನಗೆ ಉತ್ತರ ಹೊಳೆಯಲಿಲ್ಲ. ಆ ಹಿಮದ ಹೆಂಗಸು ಮಲಗಿರುವ ಮಕ್ಕಳ ಮುಖ ನೋಡಿ ಗಂಡನನ್ನು ಕೊಲ್ಲದೆ ಹೋಗುತ್ತಾಳಲ್ಲ, ಅದರ ಬಗ್ಗೆ ಮಾರನೇ ದಿನ ತಿಂಡಿ ತಿನ್ನುವಾಗಲೂ ಮಾತಾಡಿದೆವು. ನೀತಿ ಓದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಮುಂದೆ ಒಂದು ವಾರ ಕಿವಿಯಿಲ್ಲದ ಹೊಯಿಚಿಯ ಕಥೆ ಹಾಕಿ. 1185ರ ದಾನ್ ನೊ ಉರಾ ಕಡಲ ಯುದ್ಧದಲ್ಲಿ ಮುಳುಗಿ ಸತ್ತವರಿಗೆ ಅವರದೇ ಕಥೆಯನ್ನು ಬಿವಾ ಎಂಬ ತಂತಿವಾದ್ಯ ನುಡಿಸುತ್ತ ಹಾಡುವ ಕುರುಡನ ಕಥೆ ಅದು. ಅವನನ್ನು ಉಳಿಸಲು ಮೈಗೆಲ್ಲ ಮಂತ್ರ ಬರೆದಿರುತ್ತಾರೆ, ಕಿವಿ ಮರೆತಿರುತ್ತಾರೆ. ಅವನು ಉಸಿರು ಹಿಡಿದು ಕೂತಿರುವಾಗ ಸತ್ತ ಯೋಧ ಬಂದು ‘ಹೊಯಿಚಿ’ ಅಂತ ಮೂರು ಸಲ ಕೂಗುತ್ತಾನೆ, ಒಂದೊಂದು ಕೂಗೂ ಮೊದಲಿನದಕ್ಕಿಂತ ಒರಟು. ಆ ಮೂರನ್ನೂ ಬೇರೆ ಬೇರೆ ಸಾಲಲ್ಲಿ ಅಚ್ಚುಹಾಕಿ. ‘ಪದೇ ಪದೇ ಕರೆದನು’ ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ.

ಇಂತಿ,
ನಿಮ್ಮ ಓದುಗಳು, ಶಿವಮೊಗ್ಗ