ವಿಷಯ: ಪುಟ್ಟ ಮಕ್ಕಳಿಗೆಂದು ನೀವು ಕಳಿಸಿದ ಆರ್ಟ್ ಕಿಟ್ ಮತ್ತು ನಿಮ್ಮ ಕಸ್ಟಮರ್ ಕೇರ್ ಮಾತಿನ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ನಾನು ಚಿಕ್ಕ ಮಕ್ಕಳಿಗೆ ಕಲಿಸುವ ಟೀಚರ್. ಫೋನ್ ಮಾಡಿದ್ದಾಯಿತು, ಮೇಲ್ ಹಾಕಿದ್ದಾಯಿತು, ಫೋಟೋ ಕಳಿಸಿದ್ದಾಯಿತು. ನಿನ್ನೆ ನಿಮ್ಮಿಂದ ಮೆಸೇಜ್ ಬಂತು: "ಗ್ರಾಹಕರ ಒಪ್ಪಿಗೆಯ ಮೇರೆಗೆ ದೂರನ್ನು ಮುಕ್ತಾಯಗೊಳಿಸಲಾಗಿದೆ." ನಾನು ಯಾವುದಕ್ಕೂ ಒಪ್ಪಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ "2ರಿಂದ 4 ವರ್ಷ" ಎಂದಿದೆ. ಒಳಗೆ, ಮಕ್ಕಳು ಮಾಡಬೇಕಾದ ಗೂಬೆಗೆ ಅಂಟಿಸಲು ಪ್ಲಾಸ್ಟಿಕ್ ಕಣ್ಣುಗಳ ಪ್ಯಾಕೆಟ್ ಇದೆ. ಅದರ ಹಿಂದೆ, ಬೆಳಕಿಗೆ ಹಿಡಿದರೆ ಮಾತ್ರ ಓದಲಾಗುವಷ್ಟು ಸಣ್ಣದಾಗಿ, "3 ವರ್ಷದೊಳಗಿನ ಮಕ್ಕಳಿಗಲ್ಲ" ಎಂದಿದೆ. ಎರಡೂ ನಿಮ್ಮದೇ ಮಾತು. ಯಾವುದನ್ನು ನಂಬಬೇಕು? ಈ ವಯಸ್ಸಿನವರ ಆಟದ ಸಾಮಾನಿಗೆ ಒಂದು ಪರೀಕ್ಷೆ ಇದೆ, ನಿಮಗೆ ಗೊತ್ತಿರಲೇಬೇಕು. 31.7 ಮಿಲಿಮೀಟರ್ ಅಗಲದ ಗಿಡ್ಡ ಕೊಳವೆಯೊಳಗೆ ವಸ್ತು ಪೂರ್ತಿ ಕೂತರೆ ಅದು ಉಸಿರುಗಟ್ಟಿಸಬಹುದು, 3 ವರ್ಷದೊಳಗಿನವರಿಗೆ ಕೊಡುವಂತಿಲ್ಲ. ನಿಮ್ಮ ಕಣ್ಣುಗಳು ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕವು.

ಇನ್ನು ಬಣ್ಣ. ಬೆರಳಲ್ಲಿ ಬಳಿಯುವ ಬಣ್ಣದ ಡಬ್ಬಿ ತೆರೆದರೆ ಘಮ್ಮೆನ್ನುವ ಹಣ್ಣಿನ ವಾಸನೆ. ಯುರೋಪಿನ ಇಎನ್ 71-7 ನಿಯಮ ಇಂಥ ಬಣ್ಣಕ್ಕೆ ಕಹಿ ಸೇರಿಸಲೇಬೇಕು ಎನ್ನುತ್ತದೆ, ಮಗು ನೆಕ್ಕಿದ ಕೂಡಲೇ ಉಗುಳಲಿ ಅಂತ. ನೀವು ತಿನ್ನೋಕೆ ಕರೆಯುವ ವಾಸನೆ ಸೇರಿಸಿದ್ದೀರಿ. "ನಾನ್ ಟಾಕ್ಸಿಕ್" ಎಂಬುದು ಬಿಟ್ಟರೆ ಡಬ್ಬಿಯಲ್ಲಿ ಏನಿದೆ, ಯಾರು ತಯಾರಿಸಿದ್ದು, ಒಂದು ಸಾಲೂ ಇಲ್ಲ. ಸೀಸ, ಕ್ಯಾಡ್ಮಿಯಂ ಪರೀಕ್ಷೆಯ ವರದಿ ಕೇಳಿದೆ. ಈವರೆಗೂ ಬಂದಿಲ್ಲ.

ಕತ್ತರಿಗಳೆಲ್ಲ ಬಲಗೈಯವು. ಎಡಗೈ ಮಗು ಅದನ್ನು ಹಿಡಿದರೆ ಅಲಗುಗಳು ಒಂದಕ್ಕೊಂದು ದೂರ ಸರಿಯುತ್ತವೆ, ಕಾಗದ ಕತ್ತರಿಸದೆ ಮಡಚಿಕೊಳ್ಳುತ್ತದೆ. ಮಗು ತನಗೆ ಬರಲ್ಲ ಅಂದುಕೊಳ್ಳುತ್ತದೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ನಿಮ್ಮ ಗೈಡ್ ನೋಡಿ. ಹನ್ನೆರಡು ಬಣ್ಣ ಒಟ್ಟಿಗೆ ಇಡಿ ಅಂತೀರಿ. ಎರಡು ವರ್ಷದ ಮಗುವಿನ ಮುಂದೆ ಹನ್ನೆರಡು ಬಣ್ಣ ಇಟ್ಟರೆ ಸ್ವಲ್ಪ ಹೊತ್ತಿಗೆ ಎಲ್ಲ ಸೇರಿ ಕೆಸರು. ಕೆಂಪು, ಹಳದಿ ಎರಡೇ ಇಡಿ, ಕಾಗದದ ನಾಲ್ಕು ಮೂಲೆಗೂ ಟೇಪ್ ಹಾಕಿ ಜಾರದಂತೆ ಮಾಡಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟು ಸುಮ್ನೆ ಕೂತುಕೊಳ್ಳಿ. ಕೈಯಡಿ ಕಿತ್ತಳೆ ಬಣ್ಣ ಮೂಡಿದಾಗ ಮಗು ತಲೆ ಎತ್ತಿ ನಿಮ್ಮನ್ನೇ ನೋಡುತ್ತದೆ. ಕಲಿಕೆ ಇರುವುದು ಅಲ್ಲಿ. ನಿಮ್ಮ ಕಿಟ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಮೊದಲೇ ಕತ್ತರಿಸಿದ ಗೂಬೆ, ಅಂಟಿಸಲು ಗುರುತು, "ಮಾದರಿಯಂತೆ ಮಾಡಿದವರಿಗೆ" ಸ್ಟಾರ್ ಸ್ಟಿಕ್ಕರ್. ಒಬ್ಬಳು ರೆಕ್ಕೆಯನ್ನು ಕಾಲಿನ ಹತ್ತಿರ ಅಂಟಿಸಿ, ಅದು ಈಗ ಓಡುತ್ತಿದೆ ಎಂದಳು. ನಿಮ್ಮ ಲೆಕ್ಕದಲ್ಲಿ ಅವಳಿಗೆ ಸ್ಟಾರ್ ಇಲ್ಲ. ಆ ಸ್ಟಿಕ್ಕರ್ ಹಾಳೆಯನ್ನು ನಾನು ಹರಿದು ಹಾಕಿದೆ.

ಈಗ ಆ ಫೋನ್ ಕರೆ. ಒಂದು ಮಗು ಪ್ಲಾಸ್ಟಿಕ್ ಕಣ್ಣನ್ನು ಬಾಯಿಗೆ ಹಾಕಿಕೊಂಡಿತು. ಪಕ್ಕದಲ್ಲೇ ಇದ್ದೆ, ತಕ್ಷಣ ತೆಗೆದೆ. ಮಕ್ಕಳನ್ನು ಕರೆದೊಯ್ಯಲು ಪೋಷಕರು ಬಂದ ಹೊತ್ತಿಗೆ ನಿಮಗೆ ಕರೆ ಮಾಡಿದೆ. ಕೈ ತುಂಬ ಬಣ್ಣ ಇದ್ದಿದ್ದರಿಂದ ಸ್ಪೀಕರ್ ಹಾಕಿದ್ದೆ. ನಿಮ್ಮ ಪ್ರತಿನಿಧಿ ಆರ್ಡರ್ ನಂಬರ್ ಕೇಳಿದರು. ಹೇಳಿದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ.

"ಮಗು ನುಂಗಿದೆಯಾ ಮೇಡಂ?"

"ಇಲ್ಲ, ನಾನು ತೆಗೆದೆ."

"ನುಂಗಿಲ್ಲ." ಟೈಪ್ ಮಾಡುವ ಸದ್ದು. "ಹಾಗಾದ್ರೆ ಸಮಸ್ಯೆ ಏನು?"

ನಾನು ಬಾಕ್ಸ್ ಮೇಲಿನ ವಯಸ್ಸು, ಪ್ಯಾಕೆಟ್ ಮೇಲಿನ ವಯಸ್ಸು ಎರಡನ್ನೂ ಓದಿ ಹೇಳಿದೆ. ಅವರು ಹೇಳಿದ್ದು: "ಡ್ಯಾಮೇಜ್ ಆದ್ರೆ, ಐಟಂ ಕಮ್ಮಿ ಇದ್ರೆ ಮಾತ್ರ ದೂರು ತಗೋತೀವಿ. ನಿಮ್ಮದು ಎರಡರಲ್ಲೂ ಬರಲ್ಲ." ಆಮೇಲೆ ಕೇಳಿದರು: "ನೀವು ಟೀಚರಾ, ಅಥವಾ ಸುಮ್ನೆ ಮಕ್ಕಳನ್ನ ನೋಡ್ಕೊಳ್ಳೋರಾ?" ಟೀಚರ್ ಎಂದೆ. "ಹಾಗಾದ್ರೆ ಮಕ್ಕಳ ಮೇಲೆ ಕಣ್ಣಿಡೋದು ನಿಮ್ಮ ಕೆಲಸ ಅಲ್ವಾ ಮೇಡಂ?" ನಕ್ಕರು ಕೂಡ. ಆ ಮಗುವಿನ ತಾಯಿ ನನ್ನ ಎದುರೇ ನಿಂತಿದ್ದರು. ಮಗುವನ್ನು ಎತ್ತಿಕೊಂಡು ಮಾತಾಡದೆ ಹೊರಟುಹೋದರು. ನಿಮ್ಮ ತಪ್ಪು ಲೇಬಲ್‌ಗೆ ಅವರ ಮುಂದೆ ಹೊಣೆಯಾಗಿ ನಿಂತದ್ದು ನಾನು. ಮಕ್ಕಳನ್ನು ನೋಡಿಕೊಳ್ಳುವವರನ್ನು "ಸುಮ್ನೆ" ಅನ್ನುವ ಕಂಪನಿ ಮಕ್ಕಳಿಗೆ ಸಾಮಾನು ಮಾರಬಾರದು.

ನನಗೆ ದುಡ್ಡು ವಾಪಸ್ ಬೇಡ, ಕೂಪನ್ ಅಂತೂ ಕಳಿಸಲೇಬೇಡಿ. ಬಾಕ್ಸ್ ಮೇಲಿನ ವಯಸ್ಸು ಬದಲಿಸಿ, ಈಗಾಗಲೇ ಕೊಂಡವರಿಗೆಲ್ಲ ಎಚ್ಚರಿಕೆ ಕಳಿಸಿ, ಬಣ್ಣದ ಪರೀಕ್ಷಾ ವರದಿ ಕೊಡಿ. ಏಳು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಬಾಕ್ಸ್, ಪ್ಯಾಕೆಟ್, ಬಣ್ಣದ ಡಬ್ಬಿ ಎಲ್ಲ ಎತ್ತಿಟ್ಟಿದ್ದೇನೆ. ಎರಡು ಲೇಬಲ್‌ಗಳ ಫೋಟೋ ನನಗೆ ಗೊತ್ತಿರುವ ಪ್ರತಿಯೊಬ್ಬ ಟೀಚರ್‌ಗೂ ಹೋಗುತ್ತದೆ. ಕರೆ ಶುರುವಾಗುವಾಗ "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದು ಹೇಳಿದ್ದು ನೀವೇ. ಅದನ್ನು ಅಳಿಸಬೇಡಿ. ನ್ಯಾಯಾಲಯದಲ್ಲಿ ನಾನು ಮೊದಲು ಕೇಳುವುದು ಅದನ್ನೇ.