ಉಪಗ್ರಹದ ಮಾಹಿತಿ ಪಂಚಾಯಿತಿಗೂ ತಲುಪಲಿ

ಮಾನ್ಯರೇ,

ಭೂವೀಕ್ಷಣಾ ಉಪಗ್ರಹಗಳ ಮಾಹಿತಿಯನ್ನು ದೇಶಗಳು ಪರಸ್ಪರ ಹಂಚಿಕೊಳ್ಳುತ್ತಿರುವ ಈ ಕಾಲದಲ್ಲಿ, ಅದರ ಪ್ರಯೋಜನ ಕೊಡಗಿನ ಗುಡ್ಡಗಾಡು ಗ್ರಾಮಗಳಿಗೆ ನೇರವಾಗಿ ದೊರೆಯುವ ವ್ಯವಸ್ಥೆಯಾಗಬೇಕು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದ ಗುಡ್ಡಗಳು ಜರಿದದ್ದನ್ನೂ 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನೂ ಕಂಡ ನಮಗೆ ಜುಲೈ–ಆಗಸ್ಟ್‌ನಲ್ಲಿ ಬರುವ ಪ್ರತಿ ಕಕ್ಕಡ ಮಾಸವೂ ಆತಂಕದ್ದೇ. ಆ ದಿನಗಳಲ್ಲಿ ಇಲ್ಲಿ ವಾರಗಟ್ಟಲೆ ಮೋಡ ಮುಸುಕಿರುವುದರಿಂದ ಸಾಮಾನ್ಯ ಕ್ಯಾಮೆರಾ ಹೊತ್ತ ಉಪಗ್ರಹಗಳಿಗೆ ನೆಲ ಕಾಣುವುದಿಲ್ಲ. ಆದರೆ ಇಸ್ರೊ ಮತ್ತು ನಾಸಾ ಜಂಟಿಯಾಗಿ ರೂಪಿಸಿ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾಯಿಸಿದ ನಿಸಾರ್ ಉಪಗ್ರಹದ ರೇಡಾರ್ ಮೋಡವನ್ನು ಭೇದಿಸಿ, ಹಗಲಿರುಳೆನ್ನದೆ, 12 ದಿನಗಳಿಗೊಮ್ಮೆ ಅದೇ ಜಾಗವನ್ನು ಮತ್ತೆ ನೋಡಿ, ನೆಲ ಸೆಂಟಿಮೀಟರ್‌ಗಳಷ್ಟು ಸರಿದರೂ ಗುರುತಿಸುವಂತೆ ರೂಪುಗೊಂಡಿದೆ. ಅದರ ಎಲ್-ಬ್ಯಾಂಡ್ ಎಂಬ ಉದ್ದನೆಯ ರೇಡಾರ್ ತರಂಗಗಳು ಮರಗಳ ಎಲೆಹಂದರವನ್ನೂ ಹಾದುಹೋಗಬಲ್ಲವು. ನೆರಳುಮರಗಳಡಿ ಕಾಫಿ ಬೆಳೆಯುವ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಹಠಾತ್ತನೆ ಕುಸಿಯುವ ಗುಡ್ಡದ ಮುನ್ಸೂಚನೆ ಇದರಿಂದ ಸಿಗದಿರಬಹುದು, ಆದರೆ ನಿಧಾನವಾಗಿ ಜಾರುತ್ತಿರುವ ಇಳಿಜಾರಿನ ಸುಳಿವು ಸಿಕ್ಕರೂ ಜೀವಗಳು ಉಳಿದಾವು.

ಮಾಹಿತಿ ಮುಕ್ತವಾಗಿದ್ದರೂ ಅದನ್ನು ಓದಬಲ್ಲವರು ತಜ್ಞರಷ್ಟೇ. ಆದ್ದರಿಂದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಇಸ್ರೊ ನೆರವಿನೊಂದಿಗೆ ನೆಲದ ಚಲನೆಯ ಗ್ರಾಮವಾರು ನಕ್ಷೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಪ್ರತಿವರ್ಷ ಮೇ ತಿಂಗಳೊಳಗೆ ಪಂಚಾಯಿತಿ ಕಚೇರಿಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

— ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು